ಮಾವನ ಚಂಚಿ ಮತ್ತು ಎರಡು ವಂಶಗಳು

ಹೋದ ವರ್ಷದ ಶ್ರಾವಣದಲ್ಲಿ, ಧಾರವಾಡದ ಜಿಟಿಜಿಟಿ ಮಳೆ ಹಗಲು ರಾತ್ರಿ ಎನ್ನದೆ ಹಿಡಿದುಕೊಂಡಿದ್ದ ಒಂದು ವಾರ, ಸವಣೂರಿನಿಂದ ನಮ್ಮ ಸೋದರಮಾವ ಬಂದಿದ್ದರು. ಬಂದಾಗಲೆಲ್ಲ ಒಂದು ಕಟ್ಟು ವೀಳ್ಯದೆಲೆಯನ್ನು ಹಸಿಬಟ್ಟೆಯಲ್ಲಿ ಸುತ್ತಿಕೊಂಡು ತರುವುದು ಅವರ ರೂಢಿ. ಸವಣೂರಿನ ಎಲೆಯ ಮುಂದೆ ಧಾರವಾಡದ ಪೇಟೆಯಲ್ಲಿ ಸಿಗುವುದು ಎಲೆಯೇ ಅಲ್ಲ ಎಂಬುದು ಅವರ ವಾದ. ಆ ಸಲ ಎಲೆ ತಂದಿರಲಿಲ್ಲ. ಚಹಾ ಕುಡಿಯುವಾಗಲೂ ಬಾಯಿಯ ಬಲಗಡೆಯಿಂದಷ್ಟೇ ಗುಟುಕರಿಸುತ್ತಿದ್ದರು. ಅತ್ತೆ ಅಡುಗೆಮನೆಗೆ ಹೋದ ಮೇಲೆ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಎಡಗಲ್ಲವನ್ನು ಬೆರಳಿನಿಂದ ಹೊರಕ್ಕೆ ಎಳೆದು ತೋರಿಸಿದರು. ನಲವತ್ತು ವರ್ಷಗಳ ಕಾಲ ಅವರು ಎಲೆ, ಅಡಿಕೆ, ಸುಣ್ಣ, ತಂಬಾಕಿನ ಉಂಡೆಯನ್ನು ಒತ್ತಿಟ್ಟುಕೊಳ್ಳುತ್ತಿದ್ದ ಜಾಗದಲ್ಲಿಯೇ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಬಿಳಿ ಕಲೆ ಇತ್ತು. ಅದರ ಮೈ ಒಣಗಿದ ಸುಣ್ಣದ ಹಾಗೆ ಸ್ವಲ್ಪ ಬಿರುಕುಬಿಟ್ಟಿತ್ತು.

“ಇದು ನಮ್ಮ ವಂಶದಾಗ ಬಂದದ್ದೇನವಾ?” ಎಂದು ಕೇಳಿದರು. “ನಮ್ಮಪ್ಪಗೂ ಗಲ್ಲದಾಗ ಹಿಂಗ ಆಗಿ, ಆಮೇಲೆ ಅದು ಹುಣ್ಣಾತು. ನಾಳೆ ನನ್ನ ಹುಡುಗರಿಗೂ ಬರತೈತೇನು?”

ನಾನು ಪ್ರಾಣಿಶಾಸ್ತ್ರ ಕಲಿಸುವವಳು. ನನ್ನ ಪಿಎಚ್‌ಡಿ ಬಾಯಿಯ ಒಳಪದರದ ಜೀವಕೋಶಗಳಲ್ಲಿ ಒಂದೇ ಒಂದು ವಂಶವಾಹಿ ಹೇಗೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದರ ಮೇಲೆ. ಅಂದರೆ ಮಾವ ಕೇಳಿದ ಪ್ರಶ್ನೆ ನನ್ನ ಕಸುಬಿನ ಒಳಗಿನದೇ. ಹಾಗಿದ್ದರೂ ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. “ಮೊದಲು ಡಾಕ್ಟರಿಗೆ ತೋರಿಸೋಣ್ರಿ ಮಾಮಾ” ಎಂದಷ್ಟೇ ಹೇಳಿದೆ. ವಂಶ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಇರುವ ಅರ್ಥ ಬೇರೆ, ನನ್ನ ಪ್ರಯೋಗಾಲಯದಲ್ಲಿ ಇರುವ ಅರ್ಥ ಬೇರೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಇಳಿಯುವ ವಂಶ ಒಂದು. ಒಬ್ಬನೇ ಮನುಷ್ಯನ ಮೈಯೊಳಗೆ, ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ತಾಯಿಕೋಶದ ನೆನಪನ್ನು ಮಗಳುಕೋಶ ಹೊತ್ತುಕೊಂಡು ಹೋಗುವ ವಂಶ ಇನ್ನೊಂದು. ಮಾವ ಕೇಳಿದ್ದು ಮೊದಲನೆಯದರ ಬಗ್ಗೆ, ಅವರ ಗಲ್ಲದಲ್ಲಿ ನಡೆದದ್ದು ಬಹುಮಟ್ಟಿಗೆ ಎರಡನೆಯದರಲ್ಲಿ. ಆ ಎರಡನೆಯ ವಂಶದ ಲೆಕ್ಕಪತ್ರವನ್ನು ಓದುವ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಹೆಸರನ್ನು ಇಟ್ಟವರು ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್, 1942ರಲ್ಲಿ. ಡಿಎನ್‌ಎಯ ಆಕಾರ ಹೇಗಿದೆ ಎಂದು ತಿಳಿಯುವುದಕ್ಕೂ ಹನ್ನೊಂದು ವರ್ಷ ಮೊದಲು.

ಧಾರವಾಡದಿಂದ ಅಷ್ಟೇನೂ ದೂರವಲ್ಲದ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿದ್ದ ಗರಗದ ಅಜ್ಜಿಯೊಬ್ಬರು ಚರಕದಲ್ಲಿ ನೂತ ನೂಲನ್ನು ಲಡಿ ಮಾಡಿ ಗೂಟಕ್ಕೆ ತೂಗುಹಾಕುತ್ತಿದ್ದರು. ಒಮ್ಮೆ ಆ ಲಡಿಯನ್ನು ಎಳೆದಾಡಿ ಸಿಕ್ಕುಗಟ್ಟಿಸಿದ್ದಕ್ಕೆ ಬೈಸಿಕೊಂಡದ್ದು ನನಗಿನ್ನೂ ನೆನಪಿದೆ. ನೂಲು ಎಷ್ಟು ಉದ್ದವಿದ್ದರೂ ಸುತ್ತುವ ಕ್ರಮ ಗೊತ್ತಿದ್ದರೆ ಬೇಕಾದಾಗ ಬೇಕಾದ ತುದಿ ಕೈಗೆ ಸಿಗುತ್ತದೆ. ಕ್ರಮ ತಪ್ಪಿದರೆ ಅದೇ ನೂಲು ಇದ್ದೂ ಇಲ್ಲದಂತೆ. ತರಗತಿಯಲ್ಲಿ ವರ್ಣತಂತುವಿನ ಪಾಠ ಮಾಡುವಾಗಲೆಲ್ಲ ಆ ಅಜ್ಜಿ ನೆನಪಾಗುತ್ತಾರೆ. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ, ಅದನ್ನು ತುಂಬಿಡಬೇಕಾದ ಕೋಶಕೇಂದ್ರದ ಅಡ್ಡಳತೆ ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಆರು ಭಾಗದಷ್ಟು. ಇದನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ಕೋಶಕೇಂದ್ರ ಒಂದು ಮೂಸಂಬಿಯಷ್ಟಾಗುತ್ತದೆ, ಡಿಎನ್‌ಎ ಹತ್ತಿಯ ಒಂದು ಎಳೆಯಷ್ಟು ದಪ್ಪವಾಗುತ್ತದೆ, ಅದರ ಉದ್ದ ಮಾತ್ರ 20 ಕಿಲೋಮೀಟರ್ ಆಗುತ್ತದೆ. ಧಾರವಾಡದಿಂದ ಹುಬ್ಬಳ್ಳಿಯವರೆಗೆ ಎಳೆದ ಹತ್ತಿಯ ಎಳೆಯನ್ನು ಒಂದು ಮೂಸಂಬಿಯೊಳಗೆ, ಅದೂ ಯಾವ ಕ್ಷಣದಲ್ಲಿ ನವಲೂರಿನ ಹತ್ತಿರದ ತುಣುಕು ಬೇಕೆಂದರೂ ಸಿಗುವ ಹಾಗೆ ಸುತ್ತಿಡಬೇಕು ಎಂದು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈ ಸುತ್ತುವಿಕೆಯ ಗಾಲಿಗಳು ಹಿಸ್ಟೋನ್ ಎಂಬ ಪ್ರೋಟೀನುಗಳು. ಡಿಎನ್‌ಎಯ ಬರಹವೆಲ್ಲ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳದ್ದು. ಎಂಟು ಹಿಸ್ಟೋನುಗಳ ಒಂದು ಗುಂಪಿನ ಸುತ್ತ ಡಿಎನ್‌ಎಯ 147 ಅಕ್ಷರಜೋಡಿಗಳಷ್ಟು ಉದ್ದ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ಇದಕ್ಕೆ ನ್ಯೂಕ್ಲಿಯೋಸೋಮ್ ಎನ್ನುತ್ತಾರೆ. ಇಂಥ ಗಾಲಿಗಳು ಒಂದೊಂದು ಕೋಶದಲ್ಲಿ ಸುಮಾರು 3 ಕೋಟಿ ಇವೆ. ರೋಜರ್ ಕಾರ್ನ್‌ಬರ್ಗ್ 1974ರಲ್ಲಿ ಈ ರಚನೆಯನ್ನು ಊಹಿಸಿದರು, 1997ರಲ್ಲಿ ಕರೋಲಿನ್ ಲೂಗರ್ ಮತ್ತು ಸಂಗಡಿಗರು ಅದರ ಹರಳಿನ ಚಿತ್ರವನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿದರು. ಬಿಗಿಯಾಗಿ ಸುತ್ತಿದ ಭಾಗದಲ್ಲಿರುವ ವಂಶವಾಹಿಯನ್ನು ಕೋಶ ಓದಲಾರದು, ಸಡಿಲವಾದ ಭಾಗದ್ದನ್ನು ಓದಬಲ್ಲದು. ನಮ್ಮ ಸುಮಾರು 20,000 ಪ್ರೋಟೀನು ವಂಶವಾಹಿಗಳು ಕಣ್ಣಿನ ಕೋಶದಲ್ಲಿಯೂ ಇವೆ, ಯಕೃತ್ತಿನ ಕೋಶದಲ್ಲಿಯೂ ಇವೆ. ಎರಡರ ನಡುವಿನ ವ್ಯತ್ಯಾಸವೆಲ್ಲ ಯಾವುದನ್ನು ಬಿಚ್ಚಿಟ್ಟಿದೆ, ಯಾವುದನ್ನು ಸುತ್ತಿಟ್ಟಿದೆ ಎಂಬುದರಲ್ಲಿದೆ.

ಬಿಚ್ಚುವುದಕ್ಕೂ ಸುತ್ತುವುದಕ್ಕೂ ಕೋಶ ಇಡುವ ಗುರುತುಗಳು ಹಲವು ಬಗೆಯವು. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಗುಂಪು ಅಂಟಿಕೊಂಡರೆ ಅದರ ಧನವಿದ್ಯುದಂಶ ಕಡಿಮೆಯಾಗಿ ಡಿಎನ್‌ಎಯ ಮೇಲಿನ ಹಿಡಿತ ಸಡಿಲುತ್ತದೆ. ವಿನ್ಸೆಂಟ್ ಆಲ್ಫ್ರಿ 1964ರಲ್ಲಿಯೇ ಇದನ್ನು ಹೇಳಿದ್ದರು. ಅಂಟಿಸುವ ಕಿಣ್ವ ಮತ್ತು ಕೀಳುವ ಕಿಣ್ವ ಯಾವುವು ಎಂಬುದು 1996ರಲ್ಲಿ ಡೇವಿಡ್ ಆಲಿಸ್ ಹಾಗೂ ಸ್ಟೂವರ್ಟ್ ಶ್ರೈಬರ್ ಅವರ ಪ್ರಯೋಗಾಲಯಗಳಿಂದ ಗೊತ್ತಾಗುವವರೆಗೆ ಆ ಮಾತಿಗೆ ಬೇಕಾದಷ್ಟು ಬೆಲೆ ಸಿಗಲಿಲ್ಲ. ನನ್ನ ಕೆಲಸ ನಡೆದದ್ದು ಇನ್ನೊಂದು ಗುರುತಿನ ಮೇಲೆ. ಅದು ಡಿಎನ್‌ಎಯ ಮೈಗೇ ಹತ್ತುವ ಮೆಥಿಲ್ ಗುಂಪು, ಒಂದು ಇಂಗಾಲ ಮತ್ತು ಮೂರು ಜಲಜನಕ, ಅಷ್ಟೇ. ಸಿ ಎಂಬ ಅಕ್ಷರದ ಪಕ್ಕದಲ್ಲಿ ಜಿ ಎಂಬ ಅಕ್ಷರ ಬಂದಲ್ಲಿ ಆ ಸಿಗೆ ಈ ಗುಂಪು ಹತ್ತುತ್ತದೆ. ಸಾಮಾನ್ಯವಾಗಿ ವಂಶವಾಹಿಯ ಬಾಗಿಲಲ್ಲಿ ಇಂಥ ಜೋಡಿಗಳು ಗುಂಪುಗೂಡಿರುತ್ತವೆ ಮತ್ತು ಮೆಥಿಲ್ ಇಲ್ಲದೆ ಬೋಳಾಗಿರುತ್ತವೆ. ಅಲ್ಲಿ ಮೆಥಿಲ್ ತುಂಬಿಕೊಂಡರೆ ಬಾಗಿಲಿಗೆ ಬೀಗ ಬಿದ್ದಂತೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ, ಓದುವುದು ಮಾತ್ರ ನಿಂತಿರುತ್ತದೆ.

ಎರಡನೆಯ ವಂಶದ ಗುಟ್ಟು ಇರುವುದು ಇಲ್ಲಿಯೇ. ಕೋಶ ಒಡೆಯುವ ಮೊದಲು ಡಿಎನ್‌ಎಯ ಎರಡು ಎಳೆಗಳು ಬೇರೆಯಾಗಿ, ಒಂದೊಂದರ ಎದುರಿಗೆ ಹೊಸ ಎಳೆ ಹುಟ್ಟುತ್ತದೆ. ಹಳೆಯ ಎಳೆಯಲ್ಲಿ ಮೆಥಿಲ್ ಇದೆ, ಹೊಸದರಲ್ಲಿ ಇಲ್ಲ. ಆಗ ಡಿಎನ್‌ಎಂಟಿ1 ಎಂಬ ಕಿಣ್ವ ಆ ಜಾಗಗಳಿಗೆ ಬಂದು, ಹಳೆಯದರಲ್ಲಿ ಎಲ್ಲೆಲ್ಲಿ ಗುರುತಿದೆಯೋ ಹೊಸದರಲ್ಲಿಯೂ ಅಲ್ಲಲ್ಲಿಯೇ ಗುರುತು ಹಾಕುತ್ತದೆ. ಹಳೆಯ ಕಿರ್ದಿಯನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಕಿರ್ದಿಗೆ ನಕಲು ಇಳಿಸುವ ಗುಮಾಸ್ತನ ಕೆಲಸ ಇದು. ಇಂಥದ್ದೊಂದು ವ್ಯವಸ್ಥೆ ಇರಲೇಬೇಕು ಎಂದು 1975ರಲ್ಲಿ ಆರ್ಥರ್ ರಿಗ್ಸ್ ಅವರೂ, ಅವರಿಗೆ ಸಂಬಂಧವಿಲ್ಲದೆ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಅವರೂ, ಕಿಣ್ವ ಕೈಗೆ ಸಿಗುವ ಮೊದಲೇ ಬರೆದಿದ್ದರು. ಆದ್ದರಿಂದ ಒಮ್ಮೆ ಬಿದ್ದ ಬೀಗ ಆ ಕೋಶದ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ.

ಇದನ್ನು ಕಣ್ಣಾರೆ ತೋರಿಸಲು ನಮ್ಮ ಪದವಿ ತರಗತಿಗಳಲ್ಲಿ ಹಳೆಯ ಪ್ರಯೋಗವೊಂದಿದೆ. ಹುಡುಗಿಯೊಬ್ಬಳು ಬಾಯಿ ಮುಕ್ಕಳಿಸಿ ಬಂದು, ಐಸ್‌ಕ್ರೀಮಿನ ಕಡ್ಡಿಯಂಥ ಚಪ್ಪಟೆ ಕಟ್ಟಿಗೆಯಿಂದ ಗಲ್ಲದ ಒಳಭಾಗವನ್ನು ಮೆಲ್ಲಗೆ ಕೆರೆಯುತ್ತಾಳೆ. ಕಡ್ಡಿಗೆ ಹತ್ತಿದ ಬೆಳ್ಳನೆಯ ಲೋಳೆಯನ್ನು ಗಾಜಿನ ಪಟ್ಟಿಗೆ ಸವರಿ, ಅಸಿಟೋ ಆರ್ಸಿನ್ ಎಂಬ ಬಣ್ಣದ ಎರಡು ಹನಿ ಹಾಕಿ, ಮೇಲೊಂದು ತೆಳುಗಾಜು ಮುಚ್ಚಿ, ಹೆಬ್ಬೆರಳಿನಿಂದ ಒತ್ತುತ್ತಾಳೆ. ಸೂಕ್ಷ್ಮದರ್ಶಕದಲ್ಲಿ ಚಪ್ಪಟೆಯಾದ, ಅಂಚು ಮಡಚಿದ ಹಪ್ಪಳದಂಥ ದೊಡ್ಡ ಕೋಶಗಳು, ಅವುಗಳ ನಡುವೆ ಕೆನ್ನೇರಳೆ ಬಣ್ಣದ ಕೋಶಕೇಂದ್ರಗಳು ಕಾಣುತ್ತವೆ. ತಾಳ್ಮೆಯಿಂದ ಒಂದೊಂದೇ ಕೇಂದ್ರವನ್ನು ನೋಡುತ್ತಾ ಹೋದರೆ ಕೆಲವದರ ಅಂಚಿಗೆ ಅಂಟಿಕೊಂಡ ಒಂದು ಕಪ್ಪು ಚುಕ್ಕೆ ಸಿಗುತ್ತದೆ. ಅದು ಬಾರ್ ಕಾಯ. ಹೆಣ್ಣಿಗೆ ಎಕ್ಸ್ ವರ್ಣತಂತು ಎರಡು. ಅದರಲ್ಲಿ ಒಂದನ್ನು ಕೋಶ ಪೂರ್ತಿ ಸುತ್ತಿ ಮೂಲೆಗೆ ಇಟ್ಟುಬಿಡುತ್ತದೆ, ಆ ಗಂಟೇ ಈ ಚುಕ್ಕೆ. ಮರ್ರೆ ಬಾರ್ ಇದನ್ನು ಮೊದಲು ಕಂಡದ್ದು 1949ರಲ್ಲಿ, ಬೆಕ್ಕಿನ ನರಕೋಶದಲ್ಲಿ. 1961ರಲ್ಲಿ ಮೇರಿ ಲಯನ್, ಭ್ರೂಣ ಇನ್ನೂ ಎಳೆಯದಿರುವಾಗಲೇ ಒಂದೊಂದು ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಯಾವುದಾದರೊಂದನ್ನು ಮುಚ್ಚುತ್ತದೆ, ಅದರ ಸಂತತಿಯೆಲ್ಲ ಅದೇ ಎಕ್ಸನ್ನು ಮುಚ್ಚಿಟ್ಟುಕೊಂಡೇ ಬರುತ್ತದೆ ಎಂದು ವಿವರಿಸಿದರು. ಓಣಿಯಲ್ಲಿ ಕಾಣುವ ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುವುದಕ್ಕೆ ಕಾರಣ ಇದು. ಅದರ ಮೈಮೇಲಿನ ಒಂದೊಂದು ಕಪ್ಪು, ಕೇಸರಿ ತೇಪೆಯಲ್ಲಿಯೂ ಭ್ರೂಣದ ದಿನಗಳಲ್ಲಿ ಆದ ಆ ತೀರ್ಮಾನ ಕಾಣುತ್ತದೆ.

ಗಲ್ಲದ ಕೋಶವನ್ನೇ ಇಲ್ಲಿ ಹೇಳುತ್ತಿರುವುದಕ್ಕೆ ಬೇರೆ ಕಾರಣವೂ ಇದೆ. ಬಾಯಿಯ ಕ್ಯಾನ್ಸರ್ ಹುಟ್ಟುವುದು ಈ ಪದರದಲ್ಲಿಯೇ. ಹರೆಯದವರ ಗಲ್ಲದಲ್ಲಿ ಪ್ರಯೋಗಕ್ಕೆಂದು ನಾವು ಕೆರೆಯುವ ಪದರ, ಮಾವನ ಗಲ್ಲದಲ್ಲಿ ಬೆಳ್ಳಗೆ ಗಟ್ಟಿಯಾಗಿದ್ದ ಪದರ, ಎರಡೂ ಒಂದೇ.

ಬಯಾಪ್ಸಿಗೆ ಹುಬ್ಬಳ್ಳಿಗೆ ಹೋಗಿಬಂದೆವು. ವರದಿ ಬರಲು ಹಿಡಿದ ಹತ್ತು ದಿನಗಳ ಬಗ್ಗೆ ಬರೆಯುವುದು ಏನೂ ಇಲ್ಲ. ಕ್ಯಾನ್ಸರ್ ಆಗಿಲ್ಲ, ಆದರೆ ಕೋಶಗಳ ಜೋಡಣೆ ಕೆಡಲು ಶುರುವಾಗಿದೆ, ಕಲೆಯನ್ನು ತೆಗೆದುಹಾಕಬೇಕು ಎಂದು ವರದಿ ನೋಡಿದ ವೈದ್ಯರು ಹೇಳಿದರು. ತೆಗೆದೂ ಆಯಿತು. ಇಂಥ ಕಲೆಗೆ ಲ್ಯೂಕೋಪ್ಲೇಕಿಯಾ ಎಂದು ಹೆಸರು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ನನ್ನ ಪಿಎಚ್‌ಡಿ ಇಂಥ ಕಲೆಗಳ ಮೇಲೆಯೇ ಆಗಿತ್ತು.

ನಾನು ಹಿಂದೆ ಬಿದ್ದಿದ್ದ ವಂಶವಾಹಿಯ ಹೆಸರು ಪಿ16. ಒಂಬತ್ತನೆಯ ವರ್ಣತಂತುವಿನಲ್ಲಿರುವ ಇದು ಕೋಶ ಒಡೆಯುವುದಕ್ಕೆ ಹಾಕಿದ ಬ್ರೇಕು. ಕೋಶವನ್ನು ವಿಭಜನೆಯ ಕಡೆಗೆ ದೂಡುವ ಎರಡು ಕಿಣ್ವಗಳನ್ನು ಪಿ16ರ ಪ್ರೋಟೀನು ಹಿಡಿದು ನಿಲ್ಲಿಸುತ್ತದೆ. ಬ್ರೇಕು ಕೆಡುವುದು ಎರಡು ದಾರಿಯಿಂದ. ವಂಶವಾಹಿಯ ಅಕ್ಷರಗಳೇ ಅಳಿಸಿಹೋಗಬಹುದು ಅಥವಾ ಬದಲಾಗಬಹುದು. ಇಲ್ಲವೆ ಅಕ್ಷರಗಳೆಲ್ಲ ನೆಟ್ಟಗಿದ್ದೂ ಬಾಗಿಲಿಗೆ ಮೆಥಿಲ್ ಬೀಗ ಬೀಳಬಹುದು. 1995ರಲ್ಲಿ ಹಲವು ಬಗೆಯ ಗಡ್ಡೆಗಳಲ್ಲಿ ಪಿ16 ಈ ಎರಡನೆಯ ದಾರಿಯಿಂದ ಮುಚ್ಚಿಹೋಗಿರುವುದು ಕಂಡುಬಂತು. ಅದಕ್ಕಿಂತ ಮುಂಚೆ, 1983ರಲ್ಲಿ, ಆಂಡ್ರೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗಲ್‌ಸ್ಟೈನ್ ಇದಕ್ಕೆ ಉಲ್ಟಾ ಎನಿಸುವ ಸಂಗತಿಯನ್ನು ಕಂಡಿದ್ದರು: ಗಡ್ಡೆಯ ಕೋಶಗಳ ಡಿಎನ್‌ಎಯಲ್ಲಿ ಮೆಥಿಲ್ ಕಡಿಮೆ. ಎರಡೂ ನಿಜ. ಕ್ಯಾನ್ಸರ್ ಕೋಶದಲ್ಲಿ ಮುಚ್ಚಿರಬೇಕಾದ ಬಯಲೆಲ್ಲ ಬಿಚ್ಚಿಕೊಂಡಿರುತ್ತದೆ, ತೆರೆದಿರಬೇಕಾದ ಕೆಲವೇ ಬಾಗಿಲುಗಳು ಮುಚ್ಚಿಕೊಂಡಿರುತ್ತವೆ. ಹೊಲದ ಬದುವನ್ನೆಲ್ಲ ಒಡೆದು ಬಾವಿಯ ಬಾಯಿಗೆ ಕಲ್ಲು ಎಳೆದ ಹಾಗೆ.

ಮೆಥಿಲನ್ನು ಕಣ್ಣಿನಿಂದ ನೋಡಲು ಆಗುವುದಿಲ್ಲ, ಉಪಾಯದಿಂದ ಹಿಡಿಯಬೇಕು. ಡಿಎನ್‌ಎಯನ್ನು ಸೋಡಿಯಂ ಬೈಸಲ್ಫೈಟಿನಲ್ಲಿ ಬೇಯಿಸಿದರೆ ಬೋಳಾಗಿರುವ ಸಿ ಅಕ್ಷರ ಬದಲಾಗಿ, ಓದುವಾಗ ಟಿ ಎಂದು ಕಾಣುತ್ತದೆ. ಮೆಥಿಲ್ ಹೊತ್ತ ಸಿ ಮಾತ್ರ ಸಿಯಾಗಿಯೇ ಉಳಿಯುತ್ತದೆ. ಪಿಎಚ್‌ಡಿಯ ಎರಡನೆಯ ವರ್ಷದ ಮಳೆಗಾಲದಲ್ಲಿ ಇಂಥ ಹನ್ನೆರಡು ಮಾದರಿಗಳನ್ನು ರಾತ್ರಿಯಿಡೀ ಬಿಸಿಯಲ್ಲಿಟ್ಟು, ಬೆಳಗ್ಗೆ ಬೆಂಕಿಕಡ್ಡಿ ಗೀರಿದಂಥ ಗಂಧಕದ ವಾಸನೆಯ ನಡುವೆ ತೊಳೆದು, ಓದಿಸಲು ಕಳಿಸಿದ್ದೆ. ಬಂದ ಫಲಿತಾಂಶ ನೋಡಿ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಕಲೆಗಳ ಮಾದರಿಗಳಲ್ಲಿ ಸಿ ಎದ್ದು ಕಾಣುತ್ತಿತ್ತು, ಬೀಗ ಬಿದ್ದಿತ್ತು! ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು, ನಾನು ಬಣ್ಣ ಹಚ್ಚಿ ತಂದಿದ್ದ ಜಾಗಗಳನ್ನು ಬಿಟ್ಟು, ಪಕ್ಕದಲ್ಲಿ ಜಿ ಇಲ್ಲದ ಸಾಧಾರಣ ಸಿಗಳನ್ನು ನೋಡಿದರು. ಅವು ಎಲ್ಲವೂ ಟಿ ಆಗಿರಬೇಕಿತ್ತು. ಅರ್ಧಕ್ಕರ್ಧ ಸಿ ಆಗಿಯೇ ಉಳಿದಿದ್ದವು. ಆರೋಗ್ಯವಂತರ ರಕ್ತದ ಮಾದರಿಯಲ್ಲಿಯೂ ಹಾಗೆಯೇ. ಅಂದರೆ ಮೆಥಿಲ್ ಇದ್ದದ್ದಕ್ಕೆ ಅಲ್ಲ, ಬೈಸಲ್ಫೈಟ್ ತನ್ನ ಕೆಲಸ ಮಾಡದೇ ಇದ್ದದ್ದಕ್ಕೆ ಸಿಗಳು ಉಳಿದಿದ್ದವು. ಡಬ್ಬಿ ತೆರೆದು ತಿಂಗಳುಗಳಾಗಿದ್ದವು. ಮುಚ್ಚಳ ಸರಿಯಾಗಿ ಕೂರದೆ, ಧಾರವಾಡದ ಮಳೆಗಾಲದ ತೇವ ಮತ್ತು ಗಾಳಿಗೆ ಅದು ಸತ್ತುಹೋಗಿತ್ತು. ಡಬ್ಬಿಯನ್ನು ಹಾಗೆ ಬಿಟ್ಟವಳು ನಾನೇ. ನಾಲ್ಕು ತಿಂಗಳ ಕೆಲಸ ಮೋರಿಗೆ ಹೋಯಿತು. ಅಂದಿನಿಂದ ಇಂದಿನವರೆಗೂ ಯಾವ ಮೆಥಿಲ್ ಫಲಿತಾಂಶ ಕಂಡರೂ ಮೊದಲು ನಾನು ನೋಡುವುದು ಯಾರೂ ಬಣ್ಣ ಹಚ್ಚದ ಆ ಸಾಧಾರಣ ಸಿಗಳನ್ನು. ಹೊಸ ಡಬ್ಬಿಯಿಂದ ಮತ್ತೆ ಮಾಡಿದಾಗ ಕೆಲವು ಕಲೆಗಳಲ್ಲಿ ಪಿ16ರ ಬೀಗ ನಿಜವಾಗಿಯೂ ಇತ್ತು, ಮೊದಲ ಸಲ ಕಂಡಷ್ಟು ಅಂದವಾಗಿ ಅಲ್ಲ.

ತಂಬಾಕಿಗೂ ಅಡಿಕೆಗೂ ಈ ಬೀಗಕ್ಕೂ ಇರುವ ಸಂಬಂಧವನ್ನು ಒಂದೇ ಎಳೆಯಲ್ಲಿ ಹೇಳಲು ಬರುವುದಿಲ್ಲ. ತಂಬಾಕಿನ ನೈಟ್ರೋಸಮೀನುಗಳು ಡಿಎನ್‌ಎಯ ಅಕ್ಷರಗಳನ್ನೇ ಕೆಡಿಸುತ್ತವೆ. ಬಾಯಿಯ ಕ್ಯಾನ್ಸರಿನಲ್ಲಿ ಪಿ53 ಎಂಬ ವಂಶವಾಹಿಯಲ್ಲಿ ಇಂಥ ಅಕ್ಷರದೋಷ ಬಹಳ ಸಾಮಾನ್ಯ. ಅದರ ಜೊತೆಗೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸುಣ್ಣ ಸುಡುತ್ತದೆ, ಅಡಿಕೆ ಉಜ್ಜುತ್ತದೆ, ಚರ್ಮ ಕೆರಳಿ ಉರಿಯುತ್ತದೆ, ಸತ್ತ ಕೋಶಗಳ ಜಾಗ ತುಂಬಲು ಕೆಳಗಿನ ಕೋಶಗಳು ಮತ್ತೆ ಮತ್ತೆ ಒಡೆಯುತ್ತವೆ. ನಕಲು ಇಳಿಸುವ ಗುಮಾಸ್ತ ಎಷ್ಟು ಸಲ ನಕಲು ಮಾಡುತ್ತಾನೋ ತಪ್ಪಿಗೆ ಅಷ್ಟು ಅವಕಾಶ. ಅಡಿಕೆ ಒಂದೇ, ತಂಬಾಕಿಲ್ಲದೆಯೂ, ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ಸಂಪುಟದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಇದನ್ನು ಬರೆದರೆ ಬೇಸರಪಡುವವರು ಅನೇಕರು, ನನ್ನ ನೆಂಟರಲ್ಲಿಯೂ ತೋಟದವರು ಇದ್ದಾರೆ. ಬರೆಯದೆ ಬಿಡಲು ನಾನು ನೋಡಿದ ಗಾಜಿನ ಪಟ್ಟಿಗಳು ಬಿಡುವುದಿಲ್ಲ.

ಹಾಗಾದರೆ ಮನೆತನದ ವಂಶದಿಂದ ಕ್ಯಾನ್ಸರ್ ಬರುವುದೇ ಇಲ್ಲವೆ? ಬರುತ್ತದೆ. ಎರಡು ವಂಶಗಳ ವ್ಯತ್ಯಾಸ ತೋರಿಸಲು ನಾನು ಕೊಡುವ ಉದಾಹರಣೆ ಎಂಎಲ್‌ಎಚ್1 ಎಂಬ ವಂಶವಾಹಿಯದು. ಡಿಎನ್‌ಎ ನಕಲಾಗುವಾಗ ಆದ ತಪ್ಪುಗಳನ್ನು ತಿದ್ದುವುದು ಇದರ ಕೆಲಸ. ಕೆಲವು ಮನೆತನಗಳಲ್ಲಿ ಇದರ ಅಕ್ಷರವೇ ಕೆಟ್ಟಿದ್ದು, ತಂದೆಯಿಂದಲೋ ತಾಯಿಯಿಂದಲೋ ಮಗುವಿಗೆ ಇಳಿಯುತ್ತದೆ. ಆ ಮನೆಗಳಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲಿಯೇ ತಲೆಮಾರಿನಿಂದ ತಲೆಮಾರಿಗೆ ಕಾಣಿಸುತ್ತದೆ. ಇದಕ್ಕೆ ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಇನ್ನು ಕೆಲವು ರೋಗಿಗಳ, ಹೆಚ್ಚಾಗಿ ವಯಸ್ಸಾದವರ, ಗಡ್ಡೆಯಲ್ಲಿ ಅದೇ ಎಂಎಲ್‌ಎಚ್1 ಕೆಲಸ ನಿಲ್ಲಿಸಿರುತ್ತದೆ, ಆದರೆ ಅಕ್ಷರ ಕೆಟ್ಟಿರುವುದಿಲ್ಲ, ಬಾಗಿಲಿಗೆ ಮೆಥಿಲ್ ಬಿದ್ದಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಗಡ್ಡೆಗಳು ಅಕ್ಕತಂಗಿಯರಂತೆ ಇರುತ್ತವೆ. ಮೊದಲನೆಯ ರೋಗಿಯ ಮಕ್ಕಳನ್ನು ಕರೆಸಿ ಪರೀಕ್ಷೆ ಮಾಡಬೇಕು. ಎರಡನೆಯ ರೋಗಿಯ ಮಕ್ಕಳಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ.

ಬೀಗ ಹಾಕುವ, ತೆಗೆಯುವ ಕಿಣ್ವಗಳ ವಂಶವಾಹಿಗಳಲ್ಲಿಯೇ ಅಕ್ಷರದೋಷವಾದರೆ ಎರಡೂ ಕಥೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಅಂಜನಾ ರಾವ್ ಅವರ ತಂಡ 2009ರಲ್ಲಿ ಟೆಟ್1 ಎಂಬ ಕಿಣ್ವ ಮೆಥಿಲನ್ನು ಬದಲಿಸಬಲ್ಲದು ಎಂದು ತೋರಿಸಿತು. ಅದೇ ಕುಟುಂಬದ ಟೆಟ್2 ಕೆಟ್ಟಿರುವುದು ಹಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಕಂಡಿದೆ. ಮಕ್ಕಳಿಗೆ ಬರುವ ಒಂದು ಬಗೆಯ ಮೆದುಳಿನ ಗಡ್ಡೆಯಲ್ಲಿ ಹಿಸ್ಟೋನಿನ ಬಾಲದಲ್ಲಿಯೇ ಒಂದು ಅಕ್ಷರ ತಪ್ಪಿರುವುದು 2012ರಲ್ಲಿ ಗೊತ್ತಾಯಿತು.

ಅಳಿದ ಅಕ್ಷರವನ್ನು ಮತ್ತೆ ಬರೆಯುವುದು ಕಷ್ಟ, ಬೀಗವನ್ನು ತೆಗೆಯಬಹುದಲ್ಲ ಎಂಬ ಆಸೆ ಈ ಕ್ಷೇತ್ರದವರನ್ನೆಲ್ಲ ಎಳೆದುಕೊಂಡು ಬಂದಿದೆ, ನನ್ನನ್ನೂ. ಆ ಆಸೆಯ ಮೂಲ ಅಜಾಸಿಟಿಡಿನ್ ಎಂಬ ಔಷಧ. ಅರವತ್ತರ ದಶಕದಲ್ಲಿ ಪ್ರಾಗ್ ನಗರದಲ್ಲಿ ತಯಾರಾದ ಇದನ್ನು ಮೊದಲು ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಿಷವೆಂದೇ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು, ರೋಗಿಗಳಿಗೆ ತಾಳಲಾಗಲಿಲ್ಲ. ಎಪ್ಪತ್ತರ ದಶಕದಲ್ಲಿ ಪೀಟರ್ ಜೋನ್ಸ್ ಮತ್ತು ಸಂಗಡಿಗರು ಇಲಿಯ ಕೋಶಗಳಿಗೆ ಇದನ್ನು ಹಾಕಿ ನೋಡುವಾಗ, ಆ ಕೋಶಗಳು ಸ್ನಾಯುಕೋಶಗಳಾಗಿ ತಟ್ಟೆಯಲ್ಲಿಯೇ ಮಿಡುಕತೊಡಗಿದ್ದವು. ಮೆಥಿಲ್ ಹತ್ತುವುದು ನಿಲ್ಲುವುದೇ ಇದಕ್ಕೆ ಕಾರಣ ಎಂದು 1980ರಲ್ಲಿ ಜೋನ್ಸ್ ಮತ್ತು ಶರ್ಲಿ ಟೇಲರ್ ತೋರಿಸಿದರು. ಔಷಧ ಡಿಎನ್‌ಎಯೊಳಗೆ ಸೇರಿ, ಮೆಥಿಲ್ ಹಚ್ಚುವ ಕಿಣ್ವವನ್ನು ಅಲ್ಲಿಯೇ ಸಿಕ್ಕಿಸಿಹಾಕುತ್ತದೆ. ಗುಮಾಸ್ತನಿಲ್ಲದೆ ನಕಲು ನಿಂತು, ಒಂದೆರಡು ವಿಭಜನೆಗಳಲ್ಲಿ ಬೀಗಗಳು ಸವೆದುಹೋಗುತ್ತವೆ. ಇಪ್ಪತ್ತನಾಲ್ಕು ವರ್ಷಗಳ ನಂತರ, 2004ರಲ್ಲಿ, ಎಂಡಿಎಸ್ ಎಂಬ ಅಸ್ಥಿಮಜ್ಜೆಯ ರೋಗಕ್ಕೆ ಕಡಿಮೆ ಪ್ರಮಾಣದಲ್ಲಿ ಇದನ್ನು ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತದ ರೋಗಗಳಲ್ಲಿ ಇದರಿಂದ ಪ್ರಯೋಜನವಾಗಿದೆ. ಬಾಯಿ, ಸ್ತನ, ಶ್ವಾಸಕೋಶದಂಥ ಗಟ್ಟಿ ಗಡ್ಡೆಗಳಲ್ಲಿ ನಾವು ಆಸೆಪಟ್ಟಷ್ಟು ಆಗಿಲ್ಲ. ಇದು ಬೇಕಾದ ಬೀಗವನ್ನಷ್ಟೇ ತೆಗೆಯುವ ಕೀಲಿಯಲ್ಲ, ಓಣಿಯ ಬೀಗಗಳನ್ನೆಲ್ಲ ಒಟ್ಟಿಗೆ ಸಡಿಲಿಸುವ ಮಳೆನೀರು.

ಕಲೆ ತೆಗೆಸಿಕೊಂಡು ಮಾವ ನಮ್ಮ ಮನೆಯಲ್ಲಿ ಮಲಗಿದ್ದಾಗ ಅತ್ತೆಯ ಮೊಬೈಲಿಗೆ ಒಂದು ಸಂದೇಶ ಬಂತು: ಮುರುಗಲು ಹಣ್ಣಿನ ಸಿಪ್ಪೆ ಕ್ಯಾನ್ಸರ್ ವಂಶವಾಹಿಗಳನ್ನೇ ಬಂದ್ ಮಾಡುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ. ಅತ್ತೆ ಶಿರಸಿಯ ಕಡೆಯಿಂದ ಎರಡು ಕೆಜಿ ಒಣಸಿಪ್ಪೆ ತರಿಸಿಯೇಬಿಟ್ಟರು. ಇಂಥ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಅಲ್ಲಗಳೆಯುವುದು ಸುಲಭ. ಇದರಲ್ಲಿ ಒಂದು ಚೂರು ನಿಜವಿತ್ತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಮುರುಗಲಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತು ಹಿಸ್ಟೋನಿಗೆ ಅಸಿಟೈಲ್ ಹಚ್ಚುವ ಕಿಣ್ವಗಳನ್ನು ತಡೆಯುತ್ತದೆ ಎಂದು 2004ರಲ್ಲಿ ತೋರಿಸಿದ್ದು ಹೌದು. ಅರಿಸಿನದ ಕರ್ಕ್ಯುಮಿನ್ ಬಗ್ಗೆಯೂ ಅದೇ ವರ್ಷ ಅದೇ ತಂಡ ಹೀಗೆಯೇ ಬರೆದಿತ್ತು. ಅದು ಅಚ್ಚುಕಟ್ಟಾದ ಕೆಲಸ. ಕಿಣ್ವ ಹೇಗೆ ನಡೆಯುತ್ತದೆ ಎಂದು ತಿಳಿಯಲು ಅಂಥ ತಡೆಗಳು ನಮಗೆ ಬಹಳ ಬೇಕು. ಆದರೆ ಅದು ಪ್ರಯೋಗಾಲಯದಲ್ಲಿ, ಶುದ್ಧಮಾಡಿ ಅಳೆದು ಹಾಕಿದ ವಸ್ತುವಿನ ಮಾತು. ಸಾರಿಗೆ ಹಾಕಿದ ನಾಲ್ಕು ಸಿಪ್ಪೆ ಗಲ್ಲದ ಕೋಶಕೇಂದ್ರದೊಳಗೆ ಆ ಕೆಲಸ ಮಾಡುತ್ತದೆ ಎಂದು ಯಾರೂ ತೋರಿಸಿಲ್ಲ. ಅತ್ತೆಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು, “ಹೋಗಲಿ ಬಿಡವಾ, ಪಿತ್ತಕ್ಕರ ಆಕ್ಕೈತಿ” ಎಂದು ಶರಬತ್ತು ಮಾಡಿದರು. ರುಚಿಯಾಗಿತ್ತು.

ಈಗೀಗ ಇನ್ನೊಂದು ಮಾತು ನನಗೆ ಇದಕ್ಕಿಂತ ಹೆಚ್ಚು ಕಿರಿಕಿರಿ ಮಾಡುತ್ತದೆ. ನಮ್ಮ ಹಿರಿಯರ ದುಃಖ, ಭಯ, ಪುಣ್ಯ, ಪಾಪವೆಲ್ಲ ಎಪಿಜೆನೆಟಿಕ್ ಗುರುತುಗಳಾಗಿ ನಮ್ಮೊಳಗೆ ಇಳಿದಿವೆ ಎಂದು ಸಭೆಗಳಲ್ಲಿ ಹೇಳುವವರು ಹುಟ್ಟಿಕೊಂಡಿದ್ದಾರೆ. ಅವರು ಒಂದು ಸಂಗತಿಯನ್ನು ಹಾರಿಸಿಬಿಡುತ್ತಾರೆ. ಮೆಥಿಲ್ ಗುರುತುಗಳು ತಲೆಮಾರು ದಾಟುವಾಗ ಎರಡು ಸಲ ಅಳಿಯುತ್ತವೆ. ಅಂಡ ಮತ್ತು ವೀರ್ಯಾಣು ಕೂಡಿದ ಮೊದಲ ಕೆಲವು ದಿನಗಳಲ್ಲಿ ಒಮ್ಮೆ, ಆ ಭ್ರೂಣದೊಳಗೆ ಮುಂದಿನ ತಲೆಮಾರಿನ ಬೀಜಕೋಶಗಳು ರೂಪುಗೊಳ್ಳುವಾಗ ಇನ್ನೊಮ್ಮೆ. ಕೆಲವೇ ಜಾಗಗಳು ಈ ತೊಳೆತದಿಂದ ತಪ್ಪಿಸಿಕೊಳ್ಳುತ್ತವೆ. ಗರ್ಭದಲ್ಲಿದ್ದಾಗ ತಾಯಿಗೆ ಆದದ್ದು ಮಗುವಿಗೆ ತಟ್ಟಬಹುದು, ಅದು ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ 1944–45ರ ಚಳಿಗಾಲದ ಬರಗಾಲದ ಹೊತ್ತಿಗೆ ಗರ್ಭದಲ್ಲಿ ಮೂಡಿದವರನ್ನು ಅರವತ್ತು ವರ್ಷಗಳ ನಂತರ ಪರೀಕ್ಷಿಸಿದಾಗ, ಐಜಿಎಫ್2 ಎಂಬ ವಂಶವಾಹಿಯ ಹತ್ತಿರ ಅವರ ಒಡಹುಟ್ಟಿದವರಿಗಿಂತ ಮೆಥಿಲ್ ಕಡಿಮೆ ಇತ್ತು. ಅಲ್ಲಿ ಹಸಿವು ನೇರವಾಗಿ ಆ ಭ್ರೂಣವನ್ನೇ ಮುಟ್ಟಿತ್ತು. ಅಜ್ಜನ ಗಲ್ಲದ ಕೋಶದಲ್ಲಿ ಬಿದ್ದ ಬೀಗ ಮೊಮ್ಮಗನ ಗಲ್ಲಕ್ಕೆ ಹೋಗಲು ದಾರಿಯೇ ಇಲ್ಲ. ಗಲ್ಲದ ಕೋಶ ವೀರ್ಯಾಣುವನ್ನು ಹುಟ್ಟಿಸುವುದಿಲ್ಲ.

ಮಾವನಿಗೆ ಕೊನೆಗೆ ನಾನು ಹೇಳಿದ್ದು ಇದನ್ನೇ. ಹೇಳುವಾಗ ಅವರ ಚಂಚಿ ಕಿಟಕಿಯ ಮೇಲಿತ್ತು. ಮೂರು ಅರೆಗಳ, ಅಂಚಿಗೆ ಕೆಂಪು ದಾರ ಹೊಲಿದ, ಸುಣ್ಣದ ಡಬ್ಬಿಗೆ ಬೇರೆ ಕಿಸೆಯಿದ್ದ ಬಟ್ಟೆಯ ಚಂಚಿ. ಅದು ಅವರ ಅಪ್ಪನದು. ಅಜ್ಜ ತೀರಿಕೊಂಡ ಮೇಲೆ ಮಾವನ ಸೊಂಟಕ್ಕೆ ಬಂದದ್ದು ನನಗೂ ಗೊತ್ತಿತ್ತು. ವಂಶದಿಂದ ಬಂದದ್ದು ಅದು ಎಂದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗ ಬಿಟ್ಟರೆ ಆ ಗುರುತು ಹೋಗುತ್ತದೆಯೇ ಎಂದು ಕೇಳಿದರು. ಸಿಗರೇಟು ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ವಂಶವಾಹಿಯ ಮೆಥಿಲ್ ಕಡಿಮೆಯಾಗುತ್ತದೆ, ಬಿಟ್ಟ ಮೇಲೆ ವರ್ಷ ಕಳೆದಂತೆ ಮೆಲ್ಲಗೆ ಹಿಂದಿನ ಮಟ್ಟದ ಕಡೆಗೆ ಬರುತ್ತದೆ. ಬೇರೆ ಕೆಲವು ಜಾಗಗಳಲ್ಲಿ ದಶಕಗಳಾದರೂ ಗುರುತು ಪೂರ್ತಿ ಹೋಗುವುದಿಲ್ಲ. ಇದು ರಕ್ತದ ಮಾತು, ಗಲ್ಲದ್ದಲ್ಲ, ಆದರೂ ಬಿಡುವುದೇ ಸರಿ ಎಂದೆ. ಅಕ್ಷರ ಕೆಟ್ಟ ಕೋಶಗಳು ಒಂದೆರಡು ಉಳಿದಿದ್ದರೆ ಅವು ಬಿಟ್ಟಮಾತ್ರಕ್ಕೆ ಸರಿಹೋಗುವುದಿಲ್ಲ, ಅದಕ್ಕಾಗಿಯೇ ಮೂರು ತಿಂಗಳಿಗೊಮ್ಮೆ ಬಾಯಿ ತೋರಿಸಬೇಕು ಎಂದೂ ಹೇಳಿದೆ.

ಮೂರು ತಿಂಗಳಿಗೊಮ್ಮೆ ಬರುತ್ತಿದ್ದಾರೆ. ಕಳೆದ ಸಲ ಬಂದಾಗ ನನ್ನ ತರಗತಿಯಲ್ಲಿ ಬಾರ್ ಕಾಯದ ಪ್ರಯೋಗವಿತ್ತು. ಹೋಲಿಕೆಗೆ ಗಂಡಸಿನ ಕೋಶ ಒಂದು ಬೇಕಾಗಿತ್ತು, ಹುಡುಗರು ನಾಚಿ ಹಿಂದೆ ಸರಿಯುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾವ ತಾವೇ ಒಳಗೆ ಬಂದು ಬಾಯಿ ತೆರೆದರು. ಬಲಗಲ್ಲವನ್ನು ಕೆರೆದು, ಬಣ್ಣ ಹಾಕಿ, ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ಇದರಾಗ ನನ್ನ ತಂಬಾಕು ಎಲ್ಲಿ ಐತಿ?”

“ಅದು ಇದರಾಗ ಕಾಣೂದಿಲ್ರಿ ಮಾಮಾ.”

ಅವರು ಕಣ್ಣು ತೆಗೆಯಲಿಲ್ಲ. ನಾನು ಹೇಳಿಕೊಟ್ಟಿದ್ದಂತೆ ತಿರುಪನ್ನು ಮೆಲ್ಲಗೆ ತಿರುಗಿಸುತ್ತಾ, ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದರು.